ಸೇವಂತಿಗೆಯ ಮೇಲೆ ಬಿದ್ದ ಕ್ಯಾಮೆರಾ ಕಣ್ಣು

ಕ್ಯಾಮೆರಾಕ್ಕೆ ಹೆದರುವ ಫೋಟೋಗ್ರಾಫರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ನೋಡಬೇಕೆಂದರೆ ಬಸವಕಲ್ಯಾಣಕ್ಕೆ ಬನ್ನಿ, ನಮ್ಮ ಕಾಕಾನನ್ನು ತೋರಿಸುತ್ತೇನೆ. ಮೂವತ್ತೈದು ವರ್ಷ ಫೋಟೋ ಸ್ಟುಡಿಯೋ ನಡೆಸಿ, ಊರಿನ ಅರ್ಧಕ್ಕರ್ಧ ಮುಖಗಳನ್ನು ಕಾಗದದ ಮೇಲೆ ಇಳಿಸಿದ ಮನುಷ್ಯ, ಅರವತ್ತಾರನೆಯ ವಯಸ್ಸಿನಲ್ಲಿ ಅಂಗೈಯಗಲದ ಒಂದು ಕಾವಲು ಕ್ಯಾಮೆರಾ ಕಂಡು ಗಡಗಡ ನಡುಗಿದರು! ತಾವು ಹೆದರಿದ್ದು ತಮಗಾಗಿ ಅಲ್ಲ, ತಮ್ಮ ಸೇವಂತಿಗೆ ಗಿಡಗಳಿಗಾಗಿ ಎಂದು ಇವತ್ತಿಗೂ ಹೇಳುತ್ತಾರೆ. ಅದು ಪೂರ್ತಿ ಖರೆಯಲ್ಲ. ಪೂರ್ತಿ ಸುಳ್ಳೂ ಅಲ್ಲ.

ಸ್ಟುಡಿಯೋ ಇದ್ದ ಕಾಲದಲ್ಲೂ ಕಾಕಾ ನೆಟ್ಟಗಿದ್ದವರಲ್ಲ. ಅಲ್ಲಿ ಫೋಟೋ ಗಿರಾಕಿಗೆ ಹಿಡಿಸಿದರೆ ಸಾಲದು, ಕಾಕಾನಿಗೆ ಹಿಡಿಸಬೇಕಿತ್ತು. ಒಮ್ಮೆ ಹುಲಸೂರಿನ ಕಡೆಯ ವರನೊಬ್ಬ ಹೆಣ್ಣಿನವರಿಗೆ ಕಳಿಸಲೆಂದು ಫೋಟೋ ತೆಗೆಸಿಕೊಂಡು ಹೋಗಿದ್ದ. ಮೂರು ಸಲ ಬಸ್ಸು ಹತ್ತಿ ಬಂದರೂ ಕಾಕಾ ಫೋಟೋ ಕೊಡಲಿಲ್ಲ. ಕಡೆಗೆ ಆತ ಸಿಟ್ಟಿಗೆದ್ದು ಕೇಳಿದಾಗ, "ಈ ಮಾರಿ ನೋಡಿ ಯಾರೂ ಹೆಣ್ಣ ಕೊಡಂಗಿಲ್ಲ. ಎರಡ ದಿನ ಚೊಲೋತ್ನ್ಯಾಗ ನಿದ್ದಿ ಮಾಡಿ ಬಾ, ಮತ್ತೊಂದು ತೆಗೀತೀನಿ" ಎಂದರಂತೆ. ಪಾಪ, ಆತ ಹೋಗಿ ನಿದ್ದೆ ಮಾಡಿಯೇ ಬಂದ. ಮದುವೆಯೂ ಆಯಿತು. ಅದು ತಮ್ಮ ಫೋಟೋದಿಂದಲೇ ಆದದ್ದು ಎಂದು ಕಾಕಾ ಆತನ ಮಕ್ಕಳ ಮದುವೆಯವರೆಗೂ ಹೇಳಿಕೊಂಡು ತಿರುಗಿದರು.

ಸ್ವಂತ ಅಣ್ಣನ ಮಗಳು ಎಂದು ನನಗೇನೂ ರಿಯಾಯಿತಿ ಇರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯ ಅರ್ಜಿಗೆ ಒಂದು ಪಾಸ್‌ಪೋರ್ಟ್ ಫೋಟೋ ಬೇಕಿತ್ತು. ಅರ್ಜಿ ಕೊಡಲು ಅದೇ ಕೊನೆಯ ದಿನ. ಕಾಕಾ ನನ್ನನ್ನು ಸ್ಟೂಲಿನ ಮೇಲೆ ಒಂದು ತಾಸು ಕೂಡಿಸಿ, ಗದ್ದ ಎತ್ತು, ಇಳಿಸು, ನಗಬೇಡ, ಅಷ್ಟು ಬಿಗಿಯಾಗಿಯೂ ಇರಬೇಡ ಎಂದು ಜೀವ ತಿಂದರು. ಕೊನೆಗೆ ಕೊಟ್ಟ ಫೋಟೋದಲ್ಲಿ ನಾನು ಇನ್ನೇನು ಅತ್ತೇಬಿಡುತ್ತೇನೆ ಎನ್ನುವ ಸ್ಥಿತಿಯಲ್ಲಿದ್ದೇನೆ. ವಿದ್ಯಾರ್ಥಿ ಅಂದರೆ ಹೀಗಿರಬೇಕು ಎಂದು ಕಾಕಾ ಮೆಚ್ಚಿಕೊಂಡರು. ಮುಂದೆ ನಾನು ಭೌತಶಾಸ್ತ್ರ ಓದಿ, ಇದೇ ಊರಿನ ಕಾಲೇಜಿನಲ್ಲಿ ಉಪನ್ಯಾಸಕಿಯಾದೆ. ಅದಕ್ಕೂ ಆ ಫೋಟೋವೇ ಕಾರಣ ಎಂದು ಅವರ ವಾದ.

ಆದರೆ ಕಾಕಾನ ನಿಜವಾದ ರಾಜ್ಯ ಸ್ಟುಡಿಯೋದ ಹಿಂದಿನ ಡಾರ್ಕ್ ರೂಮು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆಗ ಫೋಟೋವನ್ನು ಕತ್ತಲೆ ಕೋಣೆಯಲ್ಲಿ ಔಷಧಿ ನೀರಿನಲ್ಲಿ ತೊಳೆಯಬೇಕಿತ್ತು. ಬಿಳಿ ಬೆಳಕು ಒಂದು ಚೂರು ಒಳಗೆ ಬಂದರೂ ಕಾಗದ ಕಪ್ಪಾಗಿ ಮದುಮಕ್ಕಳ ಮುಖಕ್ಕೆ ಮಸಿ. ಕೆಂಪು ಬೆಳಕು ಮಾತ್ರ ಆ ಕಾಗದಕ್ಕೆ ಕಾಣುವುದಿಲ್ಲ. ಅದಕ್ಕೇ ಅಲ್ಲೊಂದು ಕೆಂಪು ದೀಪ ಸದಾ ಉರಿಯುತ್ತಿತ್ತು. ಹೊರಗೆ ಯಾರ ಹೆಜ್ಜೆ ಸಪ್ಪಳ ಕೇಳಿದರೂ ಒಳಗಿನಿಂದ ಕಾಕಾನ ದನಿ ಬರುತ್ತಿತ್ತು: "ಬಾಗಲಾ ತಗೀಬ್ಯಾಡ್ರಿ, ಬೆಳಕ ಬೀಳ್ತದ." ನಮ್ಮ ಅಜ್ಜಿಯಿಂದ ಹಿಡಿದು ಕರೆಂಟ್ ಬಿಲ್ಲಿನವರವರೆಗೆ ಎಲ್ಲರೂ ಆ ಬಾಗಿಲಿನಾಚೆ ಕಾದವರೇ. ಈ ಜಗತ್ತಿನಲ್ಲಿ ನಂಬಿಕೆಗೆ ಅರ್ಹವಾದ ದೀಪ ಯಾವುದಾದರೂ ಇದ್ದರೆ ಅದು ಕೆಂಪು ದೀಪ ಎನ್ನುವುದು ಕಾಕಾನ ಸಿದ್ಧಾಂತವಾಗಿತ್ತು.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಸ್ಟುಡಿಯೋ ಮುಚ್ಚಿತು. ಕಾಕಾ ಒಂದು ವಾರ ಮುಖ ಊದಿಸಿಕೊಂಡು ಕೂತರು. ಎಂಟನೆಯ ದಿನ ಮಂಠಾಳ ರಸ್ತೆಯಲ್ಲಿರುವ ಹೊಲಕ್ಕೆ ಹೋಗಿ, ಅಲ್ಲಿನ ಎರಡು ಕೋಣೆಯ ಮನೆಗೆ ಸುಣ್ಣ ಹೊಡೆಸಿ, ಕಾಕಿಯನ್ನು ಕರೆದುಕೊಂಡು ಅಲ್ಲಿಯೇ ಉಳಿದುಬಿಟ್ಟರು. ಹೂವು ಬೆಳೆಯುವ ತರಬೇತಿಗೂ ಹೋಗಿಬಂದರು. ಅಲ್ಲಿ ಮೂರು ದಿನ ಹೇಳಿದ್ದರಲ್ಲಿ ಅವರ ತಲೆಯಲ್ಲಿ ಉಳಿದದ್ದು ಒಂದೇ ಮಾತು. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ಅದಕ್ಕೆ ಉದ್ದನೆಯ ಕತ್ತಲೆ ಬೇಕು! ಕತ್ತಲೆ ಬೇಡುವ ಗಿಡ! ಕಾಕಾನಿಗೆ ಕಳೆದುಹೋದ ಡಾರ್ಕ್ ರೂಮು ಮರಳಿ ಸಿಕ್ಕಂತಾಯಿತು. ಆರೇ ತಿಂಗಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆ ಎದ್ದು ನಿಂತಿತು.

ಆ ಹಸಿರುಮನೆಯ ಕಾನೂನುಗಳನ್ನು ನೀವು ಕೇಳಬೇಕು. ಒಳಗೆ ಹೋಗುವ ಮೊದಲು ಬಾಗಿಲು ಬಡಿಯಬೇಕು. ಬಾಗಿಲಿನ ಒಳಗೆ ಇನ್ನೊಂದು ಕರಿ ಪರದೆ, ಅದನ್ನು ಸರಿಸಿದವರು ತಕ್ಷಣ ಮುಚ್ಚಬೇಕು. ಮಧ್ಯಾಹ್ನದ ಸುಡುಬಿಸಿಲಿನಲ್ಲಿ, ನಾಲ್ಕೂ ಕಡೆ ಬೆಳ್ಳಗೆ ಬೆಳಕು ಸುರಿಯುತ್ತಿರುವಾಗ, ನಾನು ಬಾಗಿಲು ಬಡಿದರೆ ಒಳಗಿನಿಂದ ಹಳೆಯ ದನಿ ಹಾಗೇ ಬರುತ್ತಿತ್ತು: "ಜರಾ ತಡಿ, ಬೆಳಕ ಬೀಳ್ತದ." ಕಾಕಾ ಸ್ಟುಡಿಯೋದ ಕಲೆಬಿದ್ದ ಏಪ್ರನ್ ತೊಟ್ಟು, ಕೊರಳಿಗೆ ಥರ್ಮಾಮೀಟರ್ ನೇತುಹಾಕಿಕೊಂಡು, ಗೊಬ್ಬರದ ನೀರನ್ನು ಗಾಜಿನ ಕಡ್ಡಿಯಿಂದ ಗಡಿಯಾರ ನೋಡುತ್ತ ಕದಡುತ್ತಿದ್ದರು. ಸೂರ್ಯ ಮುಳುಗಿದ ಮೇಲಂತೂ ಒಳಗೆ ಟಾರ್ಚು, ಮೊಬೈಲು, ಬೆಂಕಿಕಡ್ಡಿ ಎಲ್ಲ ನಿಷಿದ್ಧ. ಅವರ ಹಳೆಯ ಕೆಂಪು ದೀಪಕ್ಕೆ ಮಾತ್ರ ಪ್ರವೇಶ. ಉದ್ದನೆಯ ವಯರು ಎಳೆದು, ಅದನ್ನು ಗಿಡಗಳ ನಡುವೆ ಒಂದು ತಂತಿಗೆ ತೂಗುಹಾಕಿ, ರಾತ್ರಿ ಹತ್ತರವರೆಗೆ ಗಿಡಗಳ ಯೋಗಕ್ಷೇಮ ನೋಡುತ್ತಿದ್ದರು. ಭೌತಶಾಸ್ತ್ರದ ಉಪನ್ಯಾಸಕಿಯಾದ ನಾನು ಅದನ್ನು ಕಂಡು, ಎಷ್ಟು ಶಿಸ್ತಿನ ಮನುಷ್ಯ ಎಂದು ಮೆಚ್ಚಿಕೊಂಡೆ. ನನ್ನ ಪದವಿಗಿಷ್ಟು ಬೆಂಕಿ ಹಾಕ!

ಇನ್ನು ಕಾಕಿಯ ವಿಷಯ. ಕಾಕಾನನ್ನು ಬಹುವಚನದಲ್ಲಿ ಕರೆದು ಕಾಕಿಯನ್ನು ಏಕವಚನದಲ್ಲಿ ಕರೆಯುತ್ತೇನೆಂದು ಬೇಸರಿಸಬೇಡಿ, ಅವಳು ನನಗೆ ತಾಯಿಯ ಲೆಕ್ಕ. ಕಾಕಿಯ ಎರಡೂ ಮೊಣಕಾಲು ಸವೆದು ಹೋಗಿದ್ದವು. ಹುಮನಾಬಾದಿನಲ್ಲಿ ಅವರ ಮಗಳ ಮನೆ ಇದೆ. ಶಸ್ತ್ರಚಿಕಿತ್ಸೆ ಮುಗಿಸಿ, ಮಗಳ ಮನೆಯಲ್ಲಿದ್ದುಕೊಂಡು ನಾಲ್ಕು ತಿಂಗಳು ಕಾಲಿನ ವ್ಯಾಯಾಮ ಮಾಡಿದರೆ ಮೊದಲಿನಂತೆ ನಡೆಯಬಹುದು, ಅರ್ಧಕ್ಕೇ ಬಿಟ್ಟು ಓಡಾಡಿದರೆ ಕಾಲು ಹೋದಂತೆಯೇ ಎಂದು ಡಾಕ್ಟರು ಹೇಳಿದ್ದರು. ಕಾಕಿ ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು. ಕಾಕಾನಿಗೆ ಶುಗರ್ ಇದೆ. ಒಮ್ಮೆ ಹಸಿರುಮನೆಯೊಳಗೆ ತಲೆಸುತ್ತು ಬಂದು ಗಿಡಗಳ ನಡುವೆ ಬಿದ್ದವರು, ಕಾಕಿ ಹುಡುಕಿಕೊಂಡು ಹೋಗುವವರೆಗೆ ಅಲ್ಲಿಯೇ ಇದ್ದರು. ಬೇರು ನೋಡುತ್ತಿದ್ದೆ ಎಂದು ಅವಳಿಗೆ ಸುಳ್ಳು ಹೇಳಿದರು. ಇಂಥವರನ್ನು ಒಬ್ಬರನ್ನೇ ಬಿಟ್ಟು ನಾಲ್ಕು ತಿಂಗಳು ಹೋಗುವುದು ಹೇಗೆ?

ಕಡೆಗೆ ಮಗಳು ಒಂದು ದಾರಿ ಹುಡುಕಿದಳು. ಹಸಿರುಮನೆಯಲ್ಲಿ ಒಂದು ಕ್ಯಾಮೆರಾ ಹಾಕಿಸುವುದು, ಕಾಕಿ ಹುಮನಾಬಾದಿನಲ್ಲಿ ಮಲಗಿಕೊಂಡೇ ಮೊಬೈಲಿನಲ್ಲಿ ನೋಡುವುದು. ಕ್ಯಾಮೆರಾ ಇದ್ದರೆ ತಾನು ಹೋಗುವುದಾಗಿ, ಇಲ್ಲದಿದ್ದರೆ ಇಲ್ಲವೆಂದು ಕಾಕಿ ಖಡಾಖಂಡಿತವಾಗಿ ಹೇಳಿದಳು. ಕಾಕಾ ಒಪ್ಪಿದರು. ಆಷಾಢದಲ್ಲಿ ನೆಟ್ಟ ಮೊದಲ ಬೆಳೆಯ ಸಸಿಗಳು ಮೊಣಕಾಲೆತ್ತರ ಬೆಳೆದಿದ್ದವು. ದೀಪಾವಳಿಯ ಲಕ್ಷ್ಮಿಪೂಜೆಗೆ ಬಸವಕಲ್ಯಾಣಕ್ಕೂ ಹುಮನಾಬಾದಿಗೂ ತಮ್ಮದೇ ಹೂವು ಎಂದು ಕಾಕಾ ಆಗಲೇ ಊರಿಗೆಲ್ಲ ಹೇಳಿಯಾಗಿತ್ತು.

ಕ್ಯಾಮೆರಾ ಬಂದ ದಿನವೇ ಗಲಾಟೆ ಶುರುವಾಯಿತು. ಸಂಜೆ ಕತ್ತಲಾಗುತ್ತಿದ್ದಂತೆ ಅದರ ಗಾಜಿನ ಸುತ್ತ ಕೆಂಪಗೆ ನಾಲ್ಕಾರು ಚುಕ್ಕೆ ಮಿನುಗಿದವು. ಕಾಕಾ ನನಗೆ ಫೋನು ಮಾಡಿ ತಕ್ಷಣ ಬರಲು ಹೇಳಿದರು. ನಾನು ಸ್ಕೂಟಿ ಹತ್ತಿ ಹೋದೆ. ಇದು ಅವಗೆಂಪು ಬೆಳಕು, ಅಂಗಡಿಯವರು ಐಆರ್ ಎನ್ನುತ್ತಾರೆ, ಕತ್ತಲೆಯಲ್ಲಿ ಕ್ಯಾಮೆರಾಕ್ಕೆ ಕಾಣಲೆಂದು ಇರುವುದು, ನಮ್ಮ ಕಣ್ಣಿಗೆ ಕಾಣುವುದು ಅದರ ಒಂದು ಚೂರು ಅಂಚು ಮಾತ್ರ ಎಂದು ವಿವರಿಸಿದೆ. ಹಾಗಾದರೆ ಮಿಕ್ಕದ್ದು ಎಲ್ಲಿ ಎಂದು ಕೇಳಿದರು. ಮಿಕ್ಕದ್ದು ಕಾಣುವುದಿಲ್ಲ ಎಂದೆ. ನಂಬಲಿಲ್ಲ. ಆಗ ನಾನು ತರಗತಿಯ ಉಮೇದಿನಲ್ಲಿ ಅವರನ್ನು ಮನೆಯೊಳಗೆ ಕರೆದೊಯ್ದು, ಅದೇ ಬೆಳಕು ಸೂಸುವ ಟಿವಿ ರಿಮೋಟಿನ ಗುಂಡಿ ಒತ್ತಿ, ಅದರ ಮೂತಿಯನ್ನು ಮೊಬೈಲಿನ ಕ್ಯಾಮೆರಾದಲ್ಲಿ ತೋರಿಸಿದೆ. ಬರಿಗಣ್ಣಿಗೆ ಏನೂ ಇಲ್ಲ, ಮೊಬೈಲಿನಲ್ಲಿ ಝಗ್ಗನೆ ಬೆಳಕು!

ನನ್ನ ತರಗತಿಯ ಮಕ್ಕಳಾದರೆ ಚಪ್ಪಾಳೆ ಹೊಡೆಯುತ್ತಿದ್ದರು. ಕಾಕಾನ ಮುಖ ಬಿಳಿಚಿಕೊಂಡಿತು. ಮೂವತ್ತೈದು ವರ್ಷ ಡಾರ್ಕ್ ರೂಮಿನಲ್ಲಿ ಕಳೆದವರಿಗೆ, ಎಲ್ಲೋ ಸಂದಿಯಿಂದ ಕಾಣದಂತೆ ಒಳಗೆ ಬರುವ ಬೆಳಕಿಗಿಂತ ದೊಡ್ಡ ವೈರಿ ಇಲ್ಲವಂತೆ. ಕಾಣುವ ಬೆಳಕಾದರೆ ಆರಿಸಬಹುದು, ಕಾಣದ ಬೆಳಕನ್ನು ಹೇಗೆ ಆರಿಸುವುದು? "ನೀ ನನಗ ಧೈರ್ಯ ಹೇಳಾಕ ಬಂದೀಯೋ, ಹೆದರಸಾಕ ಬಂದೀಯೋ?" ಎಂದು ಕೇಳಿದರು. ಗಿಡಕ್ಕೆ ಆ ಬೆಳಕಿನಿಂದ ಏನಾದರೂ ಆಗುತ್ತದೆಯೇ ಎಂದು ನನಗೂ ಗೊತ್ತಿರಲಿಲ್ಲ, ನಾನು ಓದಿದ್ದು ಗಿಡದ ಶಾಸ್ತ್ರವಲ್ಲ. ಏನೂ ಆಗಲಿಕ್ಕಿಲ್ಲ ಎಂದು ತೇಲಿಸಿ ಮನೆಗೆ ಬಂದೆ. ಅದೇ ವಾರ ಕಾಕಿಯ ಶಸ್ತ್ರಚಿಕಿತ್ಸೆಯಾಗಿ ಅವಳು ಮಗಳ ಮನೆ ಸೇರಿದಳು.

ದಸರಾಕ್ಕೆ ಇನ್ನು ಮೂರು ವಾರ ಉಳಿದಿತ್ತು. ಮಂಠಾಳದ ಹತ್ತಿರ ಬಯಲಿನಲ್ಲೇ ಸೇವಂತಿಗೆ ಹಾಕಿದ್ದ ರೈತರೊಬ್ಬರ ಹೊಲದಲ್ಲಿ ಗಿಡಗಿಡಕ್ಕೂ ಮೊಗ್ಗು. ಕಾಕಾನ ಹಸಿರುಮನೆಯಲ್ಲಿ ಬರೀ ಎಲೆ. ಎಂಥ ಎಲೆ ಅಂತೀರಿ, ಪಲ್ಯ ಮಾಡಿದರೆ ಊರಿಗೆಲ್ಲ ಆಗುವಷ್ಟು! ಆ ರೈತರು ನೋಡಲು ಬಂದು, ಗಿಡ ಭಾಳ ಚೊಲೋ ಅದಾವ, ಯಾವ ಸೊಪ್ಪು ಇದು ಎಂದು ಕೇಳಿ ಹೋದರು. ಅವರು ಬೇಕೆಂದೇ ಕೇಳಿದರೋ ತಿಳಿಯದೆ ಕೇಳಿದರೋ, ಕಾಕಾ ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನ ಸಂಜೆ ಹುಮನಾಬಾದಿನಿಂದ ಕಾಕಿಯ ಫೋನು. "ಕ್ಯಾಮೆರಾಕ್ಕ ಟವೆಲ್ ಹೊಚ್ಚ್ಯಾರ. ನಂಗ ಏನೂ ಕಾಣವಲ್ದು. ನಾ ನಾಳಿ ಮುಂಜಾನಿ ಮೊದಲ್ನೇ ಬಸ್ಸಿಗಿ ಬರಾಕತ್ತೇನಿ." ಆಗ ಶಸ್ತ್ರಚಿಕಿತ್ಸೆಯಾಗಿ ಆರು ವಾರವೂ ತುಂಬಿರಲಿಲ್ಲ. ಅವಳು ಕೋಲು ಹಿಡಿದುಕೊಂಡು ಬಚ್ಚಲಿಗೆ ಹೋಗಿಬರುವುದೇ ಕಷ್ಟವಿತ್ತು. ಬ್ಯಾಗು ತುಂಬಿಟ್ಟುಕೊಂಡಿದ್ದಾಳೆ ಎಂದು ಮಗಳು ಹಿಂದಿನಿಂದ ಅಳುತ್ತಿದ್ದಳು. ಕಾಕಾನಿಗೆ ಫೋನು ಮಾಡಿದರೆ, ಹೂವು ಬರದಿದ್ದರೆ ತಮ್ಮ ಮಾರಿ ಊರಿಗೆ ತೋರಿಸುವುದು ಹೇಗೆ ಎಂದು ಅವರೂ ಹೆಚ್ಚುಕಡಿಮೆ ಅಳುತ್ತಿದ್ದರು. ಟವೆಲ್ ಇದ್ದರೆ ಕಾಕಿಯ ಕಾಲು ಹೋಗುತ್ತದೆ, ಟವೆಲ್ ತೆಗೆದರೆ ಕಾಕಾನ ಹೂವು ಹೋಗುತ್ತದೆ. ನಡುವೆ ನಾನು, ರಿಮೋಟು ತೋರಿಸಿ ಕೆಟ್ಟವಳು!

ನಾನೇ ಒಂದು ರಾಜಿ ಮಾಡಿಸಿದೆ. ಅರ್ಧ ಗಿಡಗಳಿಗೆ ಕ್ಯಾಮೆರಾದ ಬೆಳಕು ಬೀಳಲಿ, ಅರ್ಧಕ್ಕೆ ಬೀಳದಂತೆ ನಡುವೆ ಒಂದು ಅಡ್ಡ ಪರದೆ ಕಟ್ಟೋಣ, ಯಾವ ಕಡೆ ಮೊಗ್ಗು ಬರುತ್ತದೋ ನೋಡಿ ನಿರ್ಧಾರ ಮಾಡೋಣ ಎಂದೆ. ಪ್ರಯೋಗ ಎಂಬ ಶಬ್ದ ಕೇಳಿ ಕಾಕಾನಿಗೆ ಜೀವ ಬಂತು. ಅಷ್ಟು ದಪ್ಪನೆಯ ಪರದೆ ಎಲ್ಲಿಂದ ತರುವುದೆಂದು ನಾನು ಯೋಚಿಸುತ್ತಿರುವಾಗಲೇ ಅವರು ಅಟ್ಟ ಹತ್ತಿ, ಸ್ಟುಡಿಯೋದಲ್ಲಿ ಗಿರಾಕಿಗಳ ಬೆನ್ನ ಹಿಂದೆ ಇಳಿಬಿಡುತ್ತಿದ್ದ ಕ್ಯಾನ್ವಾಸು ಇಳಿಸಿದರು. ಅದರ ತುಂಬ ತಾಜಮಹಲು, ಎದುರಿಗೆ ಕಾರಂಜಿ, ಕಾರಂಜಿಯಲ್ಲಿ ಎರಡು ಬಾತುಕೋಳಿ. ಅದನ್ನು ಹಸಿರುಮನೆಯ ನಡುವೆ ಈ ತುದಿಯಿಂದ ಆ ತುದಿಗೆ ಕಟ್ಟಿದರು. ಕಾಕಿ ತಾಸೆರಡು ತಾಸು ಬಿಟ್ಟು ನನಗೆ ಫೋನು ಮಾಡಿದಳು. "ಏನವಾ, ನಿಮ್ಮ ಕಾಕಾ ನನ್ನ ಬಿಟ್ಟು ಆಗ್ರಾಕ್ಕ ಹೋಗ್ಯಾರೇನ?" ಎಂದು ತಣ್ಣಗೆ ಕೇಳಿದಳು. ಆದರೂ ಬ್ಯಾಗು ಬಿಚ್ಚಿದಳು. ಹಗಲೆಲ್ಲ ಕಾಕಾ ಕ್ಯಾಮೆರಾದ ಮುಂದಿನ ಬಾಗಿಲಿನಿಂದಲೇ ಓಡಾಡಬೇಕು ಎಂಬ ಷರತ್ತಿನ ಮೇಲೆ.

ಹಗಲಿಗೆ ಆಯಿತು, ಸಂಜೆಯ ಮಾತೇನು? ಸಂಜೆಯಾದ ಕೂಡಲೆ ಕಾಕಾ ತಾಜಮಹಲಿನ ಹಿಂದೆ ಸೇರಿಕೊಳ್ಳುತ್ತಿದ್ದರು. ಕ್ಯಾಮೆರಾ ಬಂದ ದಿನದಿಂದಲೂ ಅವರು ಅದರ ಕಣ್ಣಳತೆಯ ಸಾಲುಗಳಿಗೆ ಸಂಜೆಯ ಹೊತ್ತು ಹೋದವರೇ ಅಲ್ಲ. ಯಾಕೆಂದು ನನಗೆ ಒಂದು ದಿನ ಗೊತ್ತಾಯಿತು. ಹೇಳದೆ ಕೇಳದೆ ಹೋಗಿ ಹಿಂದಿನ ಬಾಗಿಲಿನ ಪರದೆ ಸರಿಸಿದರೆ, ಕೆಂಪು ದೀಪದ ಕೆಳಗೆ ಸ್ಟೂಲಿನ ಮೇಲೆ ಕೂತು ಕಾಕಾ ಪೇಢೆ ತಿನ್ನುತ್ತಿದ್ದಾರೆ! ಶುಗರ್ ಇರುವ ಮನುಷ್ಯ! ಇಂಥದ್ದೇನಾದರೂ ಇದ್ದೀತೆಂದು ನಾನು ಊಹಿಸಿದ್ದೆ. ಗಿಡಗಳಿಗೆ ಹೆದರಿಕೆ, ಕಣ್ಣು, ಬೆಳಕು ಎಂದು ಕುಣಿದದ್ದರಲ್ಲಿ ಪೇಢೆಯ ಪಾಲೆಷ್ಟು ಎಂದು ಕೇಳಿದೆ. ಅರ್ಧ ಪೇಢೆ ನನಗೂ ಕೊಟ್ಟು ಬಾಯಿ ಮುಚ್ಚಿಸಿದರು. ನಾನೂ ತಿಂದೆ, ಸುಳ್ಳು ಯಾಕೆ ಹೇಳಲಿ.

ಪ್ರಯೋಗದ ಫಲ ಮೂರನೆಯ ವಾರದಲ್ಲಿ ಬಂತು. ಕ್ಯಾಮೆರಾದ ಕಣ್ಣಿಗೆ ಬೀಳುವ ಸಾಲುಗಳಲ್ಲಿ ಎಲ್ಲೆಲ್ಲೂ ಮೊಗ್ಗು. ತಾಜಮಹಲಿನ ಹಿಂದೆ, ಕಾಕಾ ಕಾಪಾಡಿಕೊಂಡ ಸಾಲುಗಳಲ್ಲಿ ಒಂದೂ ಇಲ್ಲ! ಬೇರೆ ಯಾರಾದರೂ ಆಗಿದ್ದರೆ ತಪ್ಪಾಯಿತು ಎನ್ನುತ್ತಿದ್ದರು. ಕಾಕಾ ಅರ್ಧ ತಾಸು ಸಾಲುಗಳ ನಡುವೆ ಓಡಾಡಿ, ಆಮೇಲೆ ಸಿದ್ಧಾಂತವನ್ನೇ ತಿರುಗಿಸಿ ಹಾಕಿದರು. ಕ್ಯಾಮೆರಾದ ಬೆಳಕು ಗಿಡಕ್ಕೆ ಅಮೃತ. ಫೋಟೋ ತೆಗೆಯುವಾಗ ಮನುಷ್ಯರ ಮುಖ ಅರಳುವುದಿಲ್ಲವೇ, ಹಾಗೆಯೇ ಹೂವೂ ಅರಳುತ್ತದೆ. ಇಷ್ಟು ಹೇಳಿ ಕ್ಯಾಮೆರಾ ಅಂಗಡಿಯವನಿಗೆ ಫೋನು ಮಾಡಿ, ಇನ್ನೂ ಆರು ಕ್ಯಾಮೆರಾ ಬೇಕೆಂದು ಕೇಳಿದರು. ಹೊಲದಲ್ಲಿ ಅಂಥದ್ದೇನು ಇಟ್ಟಿದ್ದೀರಿ ಎಂದು ಆತ ಗಾಬರಿಯಿಂದ ವಿಚಾರಿಸಿದನಂತೆ.

ಅಂಗಡಿಯವನಿಗೆ ಎರಡು ದಿನ ತಡೆಯಲು ಹೇಳಿ, ನಾನು ತೋಟಗಾರಿಕೆ ಓದಿದ ಒಬ್ಬ ಗೆಳತಿಗೆ ಫೋನು ಹಚ್ಚಿದೆ. ಮೊದಲೇ ಹಚ್ಚಬೇಕಿತ್ತು, ಭೌತಶಾಸ್ತ್ರದ ಜಂಬ ಬಿಡಲಿಲ್ಲ. ಕಾವಲು ಕ್ಯಾಮೆರಾದ ಅವಗೆಂಪು ಬೆಳಕು ಗಿಡದ ಪಾಲಿಗೆ ಇದ್ದೂ ಇಲ್ಲದ್ದು, ಅದರಿಂದ ಹೂವು ನಿಲ್ಲುವುದೂ ಇಲ್ಲ, ಬರುವುದೂ ಇಲ್ಲ, ಅಲ್ಲಿ ಬೇರೆ ಏನೋ ಬೆಳಕು ಬೀಳುತ್ತಿರಬೇಕು ನೋಡು ಎಂದಳು. ಬೇರೆ ಬೆಳಕೇ ಇಲ್ಲ, ಬೆಂಕಿಕಡ್ಡಿಗೂ ಪ್ರವೇಶವಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದೆ.

ಅದೇ ಹೊತ್ತಿಗೆ ಕಾಕಿಯ ಕಾಲು ವಿಚಾರಿಸಲು ಫೋನು ಮಾಡಿದೆ. ಕ್ಯಾಮೆರಾ ಚೆನ್ನಾಗಿ ಕಾಣುತ್ತದೆಯೇ ಎಂದು ಸುಮ್ಮನೆ ಕೇಳಿದೆ. "ಪೂರಾ ಕಾಣ್ತದವಾ. ಹೊತ್ತ ಮುಣಗಿದ ಮ್ಯಾಲ ತಾಜಮಹಲದ ಹಿಂದ ಬೆಳ್ಳಗ ಬೆಳಕ ಮೂಡ್ತದ. ಹತ್ತರ ತನಕ ಇರ್ತದ ನೋಡು, ಹುಣ್ಣಿವಿ ಚಂದ್ರಾಮ ಇದ್ದಂಗ" ಎಂದಳು. ಕ್ಯಾಮೆರಾದ ಚಿತ್ರ ಕತ್ತಲೆಯಲ್ಲಿ ಬರೀ ಕಪ್ಪು ಬಿಳುಪು. ಅವಳಿಗೆ ಬೆಳ್ಳಗೆ ಕಂಡದ್ದು ಕಾಕಾನ ಕೆಂಪು ದೀಪ.

ನಾನು ಗೆಳತಿಗೆ ಮತ್ತೆ ಫೋನು ಮಾಡಿ, ಕೆಂಪು ದೀಪವನ್ನೂ ಬೆಳಕೆಂದು ಲೆಕ್ಕ ಹಿಡಿಯಬೇಕೇ ಎಂದು ಸಣ್ಣ ದನಿಯಲ್ಲಿ ಕೇಳಿದೆ. ಅವಳು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಫೋಟೋ ಕಾಗದಕ್ಕೆ ಕೆಂಪು ಕಾಣುವುದಿಲ್ಲ, ಸರಿ. ಆದರೆ ರಾತ್ರಿಯೋ ಹಗಲೋ ಎಂದು ಸೇವಂತಿಗೆ ಗುರುತು ಹಿಡಿಯುವುದೇ ಕೆಂಪು ಬೆಳಕಿನಿಂದ! ಹತ್ತು ಗಂಟೆಯವರೆಗೆ ಕೆಂಪು ದೀಪ ಉರಿಸಿದರೆ ಅದರ ಪಾಲಿಗೆ ಸೂರ್ಯ ಹತ್ತು ಗಂಟೆಗೆ ಮುಳುಗಿದಂತೆ. ಇಷ್ಟು ಗಿಡ್ಡ ರಾತ್ರಿಯಲ್ಲಿ ಯಾವ ಸೇವಂತಿಗೆ ಮೊಗ್ಗು ಕಟ್ಟೀತು? ಕ್ಯಾಮೆರಾದ ಮುಂದಿನ ಸಾಲುಗಳಿಗೆ ಕಾಕಾ ಪೇಢೆಯ ಭಯದಿಂದ ಹೋಗಲಿಲ್ಲ, ತಾಜಮಹಲು ಅಡ್ಡ ಬಂದ ಮೇಲೆ ದೀಪದ ಬೆಳಕೂ ಅತ್ತ ಹಾಯಲಿಲ್ಲ, ಅವು ಬದುಕಿಕೊಂಡವು. ಪ್ರೀತಿಯಿಂದ ಕಾಯ್ದ ಸಾಲುಗಳು ಎಲೆ ಬಿಟ್ಟುಕೊಂಡು ನಿಂತವು.

ಇದನ್ನು ಕಾಕಾನಿಗೆ ಹೇಳುವುದು ಸುಲಭವಾಗಿರಲಿಲ್ಲ. ಹೇಳಿದೆ. ಅವರು ಬಹಳ ಹೊತ್ತು ದೀಪವನ್ನೇ ನೋಡಿದರು. "ಅಂದ್ರ ದಿನಾ ಸಂಜಿಕಿ ನಾನೇ ಅವಕ್ಕ, ಹೊತ್ತ ಮುಣಗೇ ಇಲ್ಲ ಅಂತ ಸುಳ್ಳ ಹೇಳಾಕತ್ತಿದ್ದೆ" ಎಂದರು. ಎದ್ದು ಹೋಗಿ ದೀಪ ಬಿಚ್ಚಿ, ಏಪ್ರನ್ನಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಮನೆಗೆ ತೆಗೆದುಕೊಂಡು ಹೋಗಲು ಹೇಳಿದರು. ತಾಜಮಹಲೂ ಇಳಿಯಿತು. ಆರು ಕ್ಯಾಮೆರಾ ರದ್ದಾದವು. ಕಾಕಾ ಒಂದು ಮಾತಿಗೂ ವಾದ ಮಾಡದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ, ನನಗೆ ಸಂಕಟವಾಯಿತು.

ವಾತಾವರಣ ಹಗುರ ಮಾಡೋಣವೆಂದು ಪೇಢೆಯ ಮಾತು ತೆಗೆದೆ. ಪೇಢೆ ತಿನ್ನಲಿಕ್ಕೆ ಹಸಿರುಮನೆಯೇ ಯಾಕೆ ಬೇಕಿತ್ತು ಕಾಕಾ, ಮನೆಯಲ್ಲಿ ಕ್ಯಾಮೆರಾ ಇಲ್ಲವಲ್ಲ, ಅಲ್ಲಿಯೇ ಆರಾಮಾಗಿ ಕೂತು ತಿನ್ನಬಹುದಿತ್ತಲ್ಲ ಎಂದು ಚುಡಾಯಿಸಿದೆ. ಕಾಕಾ ನಗಲಿಲ್ಲ.

"ಮನ್ಯಾಗ ಒಬ್ಬನ ಕುಂತ್ರ ಮನಿ ತಿನ್ನಾಕ ಬರ್ತದವಾ" ಎಂದರು. ನನ್ನ ಮುಖ ನೋಡದೆ ಮುಂದುವರಿಸಿದರು: "ನಮ್ಮ ಲಗ್ನ ಆದಾಗ ಮನ್ಯಾಗ ಹದಿನಾಲ್ಕು ಮಂದಿ. ಹಿರಿಯರ ಮುಂದ ಹೇಣ್ತಿ ಕೂಡ ಮಾತಾಡೋದು ಆಗ ಎಲ್ಲಿತ್ತು? ಫೋಟೋ ತೊಳ್ಯಾಕ ಕೈಗೊಬ್ಬರು ಬೇಕು ಅಂತ ನಿಮ್ಮ ಅಜ್ಜಿಗಿ ಹೇಳಿ ಆಕಿನ್ನ ಡಾರ್ಕ್ ರೂಮಿಗಿ ಕರ್ಕೊಂಡು ಹೋಗತಿದ್ದೆ. ಬಾಗಲಾ ಹಾಕಿದ್ರ ಯಾರೂ ತಗಿಯಂಗಿಲ್ಲ, ಬೆಳಕ ಬೀಳ್ತದ. ಫೋಟೋ ತೊಳಿಯೋದು ಅರ್ಧ ತಾಸಿನ ಕೆಲಸ. ನಾವು ಮೂರು ತಾಸು ತೊಳೀತಿದ್ವಿ. ಈಗ ಆ ದೀಪದಾಗ ಕುಂತ್ರ ಆಕಿ ಬಾಜೂಕ ಅದಾಳ ಅನಸ್ತಿತ್ತು."

ಮೂವತ್ತೈದು ವರ್ಷ ಆ ಬಾಗಿಲಿನಾಚೆ ಕಾದು ನಿಂತವರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ದೀಪಾವಳಿಗೆ ಕ್ಯಾಮೆರಾದ ಮುಂದಿನ ಸಾಲುಗಳ ಹೂವು ಮಾತ್ರ ಬಂತು, ಹುಮನಾಬಾದಿಗೆ ಅದರಲ್ಲಿ ಒಂದೇ ಒಂದು ಬುಟ್ಟಿ ಹೋಯಿತು, ಅದೂ ಮಗಳ ಮನೆಗೆ. ಹಿಂದಿನ ಸಾಲುಗಳು ದೀಪಾವಳಿ ತಪ್ಪಿಸಿಕೊಂಡು, ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಒಟ್ಟಿಗೇ ಅರಳಿದವು. ಆ ದಿನ ನಮ್ಮ ಕಡೆ ಊರಿಗೆ ಊರೇ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಉಣ್ಣಲು ಹೋಗುತ್ತದೆ. ಕಾಕಿ ಅಂದು ಕೋಲಿಲ್ಲದೆ ಹೊಲದ ಬದುವಿನ ಮೇಲೆ ನಡೆದು ಬಂದಳು. ಮಂಠಾಳದ ಆ ರೈತರು ಮತ್ತೆ ಬಂದು, ಈ ಕಾಲದಲ್ಲಿ ಹೂವು ಹೇಗೆ ಬರಿಸಿದಿರಿ ಎಂದು ಕಾಕಾನ ಬೆನ್ನು ಹತ್ತಿದರು. ಅದೊಂದು ಗುಟ್ಟಿನ ವಿದ್ಯೆ ಎಂದು ಕಾಕಾ ಮೀಸೆ ತಿರುವಿದರು!

ಆದರೆ ನನಗೆ ಮರೆಯಲಾಗದ್ದು ಅದಕ್ಕೂ ಮೊದಲಿನ ಒಂದು ಸಂಜೆ. ದೀಪ ತೆಗೆದು ನಾಲ್ಕೈದು ದಿನವಾಗಿತ್ತು. ಪೇಢೆ ತಿನ್ನುತ್ತಿದ್ದಾರೋ ಏನೋ ನೋಡೋಣ ಎಂದು ಹೇಳದೇ ಹೋದೆ. ಹಸಿರುಮನೆಯೊಳಗೆ ಗವ್ವೆನ್ನುವ ಕತ್ತಲೆ. ಕ್ಯಾಮೆರಾದ ಸಣ್ಣ ಕೆಂಪು ಚುಕ್ಕೆಗಳನ್ನು ಬಿಟ್ಟರೆ ಏನೂ ಕಾಣಲಿಲ್ಲ. ಮೊಬೈಲಿನ ಬೆಳಕು ಹಾಕುವಂತಿಲ್ಲ. ಕಾಕಾ ಎಂದು ಕರೆದೆ. ಇಲ್ಲಿಯೇ ಇದ್ದೇನೆ ಎಂದು ದನಿ ಬಂತು, ಕ್ಯಾಮೆರಾದ ಎದುರಿನಿಂದ! ತಡವರಿಸಿಕೊಂಡು ಹೋಗಿ ಮುಟ್ಟಿದರೆ, ಸ್ಟೂಲಿನ ಮೇಲೆ ಕೂತಿದ್ದಾರೆ. ಕೈಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ ಹತ್ತಿತು, ತಲೆಗೆ ಹಚ್ಚಿದ ಎಣ್ಣೆಯ ವಾಸನೆ ಬಂತು.

"ಕತ್ತಲ್ಯಾಗ ಏನ್ ಮಾಡಾಕತ್ತೀರಿ ಕಾಕಾ?"

"ಏನಿಲ್ಲ. ಆಕಿ ನೋಡಾಕತ್ತಾಳ."

ದಿನಾ ಏಳರಿಂದ ಎಂಟರವರೆಗೆ ಹೀಗೆ ಕೂಡುತ್ತಿದ್ದರಂತೆ. ಆ ಹೊತ್ತಿಗೆ ಹುಮನಾಬಾದಿನಲ್ಲಿ ಕಾಕಿ ಕಾಲಿನ ವ್ಯಾಯಾಮ ಮಾಡುತ್ತಾಳೆ, ನೋವಾಗುತ್ತದೆ, ಎದುರಿಗೆ ಮೊಬೈಲು ಇಟ್ಟುಕೊಂಡಿರುತ್ತಾಳೆ ಎಂದು ಮಗಳು ಹೇಳಿದ್ದಳಂತೆ. ಮೂವತ್ತೈದು ವರ್ಷ ಕ್ಯಾಮೆರಾದ ಹಿಂದೆ ನಿಂತ ಮನುಷ್ಯ, ತಾನಾಗಿಯೇ ಅದರ ಮುಂದೆ ಬಂದು ಕೂತಿದ್ದು ನಾನು ಕಂಡದ್ದು ಅದೇ ಮೊದಲು. ಅಷ್ಟರಲ್ಲಿ ನನ್ನ ಫೋನು ನಡುಗಿತು. ಬೆಳಕು ಬೀಳದಂತೆ ಅಂಗೈಯಲ್ಲಿ ಮುಚ್ಚಿ ಕಿವಿಗೆ ಹಚ್ಚಿದೆ, ಕಾಕಿ. ನಾನು ಬಂದದ್ದು ಅವಳಿಗೆ ಕಂಡಿತ್ತು.

"ಅವರಿಗಿ ಜರಾ ಎಡಕ್ಕ ಸರೀರಿ ಅನ್ನು. ಕಂಬ ಅಡ್ಡ ಬರಾಕತ್ತದ, ಅರ್ಧ ಮಾರಿ ಅಷ್ಟೇ ಕಾಣ್ತದ."

ಹೇಳಿದೆ. ಕಾಕಾ ಸ್ಟೂಲು ಎಡಕ್ಕೆ ಸರಿಸಿದರು. ಅಂಗಿಯ ಕಾಲರು ಎಳೆದುಕೊಂಡ ಸಪ್ಪಳ ಕೇಳಿತು. ಆಮೇಲೆ ಉಸಿರಿನ ಸಪ್ಪಳವೂ ನಿಂತಿತು, ಫೋಟೋಕ್ಕೆ ಕೂತವರು ಉಸಿರು ಬಿಗಿಹಿಡಿಯುತ್ತಾರಲ್ಲ, ಹಾಗೆ. ಪಕ್ಕದಲ್ಲೇ ನಿಂತ ನನಗೆ ಅವರ ಮುಖ ಕಾಣುತ್ತಿರಲಿಲ್ಲ. ಹುಮನಾಬಾದಿನಲ್ಲಿದ್ದ ಕಾಕಿಗೆ ಕಾಣುತ್ತಿತ್ತು.

ನಾನು ಹಲೋ ಎಂದೆ.

"ಸೊರಗ್ಯಾರಲ್ಲವಾ" ಎಂದಳು ಕಾಕಿ.

ನನಗೆ ಅಳು ತಡೆಯಲಾಗಲಿಲ್ಲ. ಏನಂತೆ ಎಂದು ಕಾಕಾ ಕೇಳಿದರು. ಚೆನ್ನಾಗಿ ಕಾಣುತ್ತೀರಂತೆ ಎಂದು ಹೇಳಿದೆ.